ಮ್ಯೂನಿಕ್‌ನಿಂದ ಮ್ಯೂನಿಕ್‌ಗೆ ಕ್ಯಾಂಪರ್‌ವ್ಯಾನ್, ಮೂರು ವಾರ, ಇಬ್ಬರೇ: ಈ ಪ್ಲ್ಯಾನ್ ಸರಿ ಉಂಟಾ?

ಕಡಿಯಾಳಿ ಕೆಎ20 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು, ಗಂಡ ಹೆಂಡತಿ ಇಬ್ಬರೇ. ಬರುವ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಮೂರು ವಾರ ಮಧ್ಯ ಯುರೋಪ್ ನಿಧಾನಕ್ಕೆ ಸುತ್ತುವ ಆಲೋಚನೆ. ಈಗ ಬರೆದಿಟ್ಟ ದಾರಿ: ಮ್ಯೂನಿಕ್ – ಪ್ರಾಗ್ – ವಿಯೆನ್ನಾ – ಬುಡಾಪೆಸ್ಟ್ – ಬ್ಲೆಡ್ (ಸ್ಲೊವೇನಿಯಾ) – ಮ್ಯೂನಿಕ್. ಊರಲ್ಲಿ ಕಾರು ಓಡಿಸಿ ಅಭ್ಯಾಸ ಉಂಟು, ಘಾಟಿಯೂ ಹೊಸದಲ್ಲ. ದೊಡ್ಡ ವ್ಯಾನ್, ಅದೂ ಬಲಬದಿಯ ರಸ್ತೆ, ಇದೇ ಮೊದಲು.

ಗೊತ್ತಾಗಬೇಕಾದ್ದು: ಈ ದಾರಿ ಇಬ್ಬರಿಗೆ ಆರಾಮ ಆದೀತಾ? ಟೋಲ್ ವಿನ್ಯೆಟ್ (ಹೆದ್ದಾರಿಗೆ ಮುಂಗಡ ಕಟ್ಟುವ ಪಾಸ್) ಎಲ್ಲಿ, ಯಾವಾಗ ತೆಗೆದುಕೊಳ್ಳುವುದು? ನಮ್ಮ ಲೈಸೆನ್ಸ್ ನಡೆಯುತ್ತದಾ? ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಾ? ಅಡುಗೆ ವ್ಯಾನ್‌ನಲ್ಲೇ ಮಾಡುವವರು ನಾವು. ಕುಚ್ಚಲಕ್ಕಿ ಗಂಜಿ ಇಲ್ಲದೆ ಮೂರು ವಾರ ಕಷ್ಟ.

ಕದ್ರಿ ಕಂಬಳ

ದಾರಿಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದನ್ನೇ ಹಿಡಿದು ಬರುತ್ತದೆ. ನೀವು ಬರೆದದ್ದು ಸುಮಾರು 1,800 ಕಿ.ಮೀ. ಮೂರು ವಾರಕ್ಕೆ ಭಾಗಿಸಿದರೆ ಕಡಿಮೆ ಅನಿಸುತ್ತದೆ, ಆದರೆ ಅದು ನಾಲ್ಕೈದು ಉದ್ದ ಜಿಗಿತಗಳಲ್ಲಿ ಬಂದಿದೆ. ಮ್ಯೂನಿಕ್‌ನಿಂದ ಪ್ರಾಗ್ 380ರ ಹತ್ತಿರ, ಬುಡಾಪೆಸ್ಟ್‌ನಿಂದ ಬ್ಲೆಡ್ ಸುಮಾರು 500. ಮೇಲಾಗಿ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ವ್ಯಾನ್‌ಗೆ ಹೇಳಿದ ಊರುಗಳಲ್ಲ. ವಿಯೆನ್ನಾದಲ್ಲಿ 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ಇಡೀ ನಗರ ಅಲ್ಪಾವಧಿ ಪಾರ್ಕಿಂಗ್ ವಲಯ. ಬೇಸ್‌ಮೆಂಟ್ ಪಾರ್ಕಿಂಗ್‌ನ ಎತ್ತರ ಮಿತಿ ಸಾಮಾನ್ಯವಾಗಿ 2 ಮೀಟರ್ ಆಸುಪಾಸು, ಕ್ಯಾಂಪರ್‌ವ್ಯಾನ್ ಸಾಮಾನ್ಯವಾಗಿ 2.6 ಮೀಟರ್ ಆಸುಪಾಸು ಎತ್ತರ. ದೊಡ್ಡ ಊರು ನೋಡಬೇಕಾದರೆ ಹೊರವಲಯದ ಕ್ಯಾಂಪಿಂಗ್‌ನಲ್ಲಿ ವ್ಯಾನ್ ಬಿಟ್ಟು ಮೆಟ್ರೋ ಹಿಡಿಯುವುದೇ ಸರಿ. ಹಾಗೆ ಒಂದು ಊರು ಸಾಕು, ಮೂರು ಬೇಡ.

ಬುಡಾಪೆಸ್ಟ್ ಬಿಡಿ, ಪ್ರಾಗ್ ಬದಲು ಚೆಕ್ ದೇಶದ ದಕ್ಷಿಣ ಭಾಗವಾದ ದಕ್ಷಿಣ ಬೊಹೆಮಿಯಾ ಇಡಿ. ನನ್ನ ಸಲಹೆ ಹೀಗೆ: ಮ್ಯೂನಿಕ್‌ನಿಂದ ಕೀಮ್‌ಸೇ ಸರೋವರ, 90 ಕಿ.ಮೀ. ಅಲ್ಲಿಂದ ಜಾಲ್ಸ್‌ಬುರ್ಗ್ ದಾಟಿ ವೋಲ್ಫ್‌ಗಾಂಗ್‌ಸೇ, ಹಾಲ್‌ಷ್ಟಾಟ್. ಹಾಲ್‌ಷ್ಟಾಟ್ ಊರೊಳಗೆ ವ್ಯಾನ್ ಒಯ್ಯುವ ಯೋಚನೆ ಬೇಡ. ಎದುರು ದಡದ ಒಬರ್‌ಟ್ರೌನ್‌ನಲ್ಲಿ ತಂಗಿ, ಹಾಲ್‌ಷ್ಟಾಟ್ ರೈಲ್ವೆ ಸ್ಟೇಷನ್ನಿನಿಂದ ದೋಣಿಯಲ್ಲಿ ದಾಟಿ. ಆಮೇಲೆ ಟೌಎರ್ನ್ ಸುರಂಗದ ದಾರಿಯಲ್ಲಿ ದಕ್ಷಿಣಕ್ಕೆ ಇಳಿದು ಬ್ಲೆಡ್, ಅಲ್ಲಿಂದ 26 ಕಿ.ಮೀ. ದೂರದ ಬೋಹಿನ್ಯ್. ವಾಪಸ್ ಕ್ಲಾಗನ್‌ಫುರ್ಟ್, ಗ್ರಾಜ್, ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ, ಚೆಸ್ಕಿ ಕ್ರುಮ್ಲೊವ್, ಪಾಸಾವ್, ರೇಗನ್ಸ್‌ಬುರ್ಗ್, ಮ್ಯೂನಿಕ್. ಇದರಲ್ಲಿ ಒಂದು ದಿನದ ಓಟ 250 ದಾಟುವುದಿಲ್ಲ, ಬಹುತೇಕ 100–150ರಲ್ಲೇ ಮುಗಿಯುತ್ತದೆ. ಪ್ರತಿ ಜಾಗದಲ್ಲಿ ಎರಡು ರಾತ್ರಿ ಇಡಿ. ಒಂದೇ ರಾತ್ರಿಯಾದರೆ ಕೇಬಲ್ ಎಳೆದು, ಮಟ್ಟ ನೋಡಿ, ನೀರು ತುಂಬಿಸಿ, ಬೆಳಗ್ಗೆ ಎದ್ದು ಅದನ್ನೆಲ್ಲ ಕಟ್ಟುವುದರಲ್ಲೇ ದಿನದ ಎರಡು ತಾಸು ಹೋಗುತ್ತದೆ.

ಸೆಪ್ಟೆಂಬರ್ ಎಂದಿರಿ, ಮ್ಯೂನಿಕ್‌ನ ಬಿಯರ್ ಹಬ್ಬ ಆಕ್ಟೋಬರ್‌ಫೆಸ್ಟ್ ನೆನಪಿರಲಿ. ಹೆಸರು ಆಕ್ಟೋಬರ್ ಆದರೂ ಶುರು ಆಗುವುದು ಸೆಪ್ಟೆಂಬರ್ ಮಧ್ಯದ ಶನಿವಾರ. ಆ ದಿನಗಳಲ್ಲಿ ಮ್ಯೂನಿಕ್ ಕ್ಯಾಂಪಿಂಗ್‌ಗಳಲ್ಲಿ ಜಾಗವೂ ಸಿಗುವುದಿಲ್ಲ, ನಿದ್ದೆಯೂ ಸಿಗುವುದಿಲ್ಲ. ಕೊನೆಯ ರಾತ್ರಿಯನ್ನು ರೇಗನ್ಸ್‌ಬುರ್ಗ್ ಕಡೆಯೇ ಇಟ್ಟುಕೊಳ್ಳಿ.

ವಿನ್ಯೆಟ್: ಜರ್ಮನಿಯಲ್ಲಿ 3.5 ಟನ್‌ವರೆಗಿನ ವ್ಯಾನ್‌ಗೆ ಬೇಡ. ಆಸ್ಟ್ರಿಯಾ, ಚೆಕ್, ಸ್ಲೊವೇನಿಯಾ ಮೂರಕ್ಕೂ ಬೇಕು. ಡಿಜಿಟಲ್ ವಿನ್ಯೆಟ್ ಗಾಡಿಯ ನಂಬರಿಗೆ ಅಂಟಿಕೊಂಡದ್ದು, ಬಾಡಿಗೆ ವ್ಯಾನ್‌ನ ನಂಬರ್ ಕೀಲಿ ಕೈಗೆ ಬರುವವರೆಗೆ ಗೊತ್ತಿರುವುದಿಲ್ಲ. ಹಾಗಾಗಿ ಊರಿಂದಲೇ ಕೊಂಡು ಹೋಗುವ ಮಾತಿಲ್ಲ. ವ್ಯಾನ್ ಪಡೆದ ದಿನ ಸಂಜೆ, ಗಡಿ ದಾಟುವ ಮೊದಲು, ಆಯಾ ದೇಶದ ಅಧಿಕೃತ ತಾಣದಲ್ಲೇ ಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವ ಹಲವು ತಾಣ ಮಧ್ಯವರ್ತಿಗಳದ್ದು, ಮೇಲಿಂದ ಶುಲ್ಕ ಸೇರಿಸುತ್ತವೆ. ನಂಬರ್ ಹಾಕುವಾಗ ಸೊನ್ನೆಗೂ ಇಂಗ್ಲಿಷ್ ಓ ಅಕ್ಷರಕ್ಕೂ ಗೊಂದಲ ಆಗದಂತೆ ನೋಡಿ, ನೋಂದಣಿ ದೇಶ ಜರ್ಮನಿ ಎಂದೇ ಆರಿಸಿ. ಒಂದಕ್ಷರ ತಪ್ಪಿದರೂ ಕ್ಯಾಮೆರಾ ಲೆಕ್ಕದಲ್ಲಿ ನೀವು ವಿನ್ಯೆಟ್ ಇಲ್ಲದವರು. ಸ್ಲೊವೇನಿಯಾದಲ್ಲಿ 2ಎ, 2ಬಿ ಎಂದು ಎರಡು ವರ್ಗ ಕಾಣುತ್ತದೆ. ಎತ್ತರದ ಸರಕು ವ್ಯಾನ್‌ಗೆ 2ಬಿ, ಕ್ಯಾಂಪರ್ ಎಂದು ನೋಂದಣಿಯಾದ ಗಾಡಿಗೆ 2ಎ.

ವಿನ್ಯೆಟ್ ಇದ್ದರೂ ಟೌಎರ್ನ್ ಸುರಂಗಕ್ಕೆ, ಸ್ಲೊವೇನಿಯಾ ಗಡಿಯ ಕಾರಾವಾಂಕನ್ ಸುರಂಗಕ್ಕೆ ಬೇರೆ ಟೋಲ್ ಉಂಟು. ವಾಪಸ್ ಬರುವಾಗ ಲೋಯ್ಬ್ಲ್ ದಾರಿಯಲ್ಲಿ ಹತ್ತಿದರೆ ಅಲ್ಲಿನ ಸುರಂಗಕ್ಕೆ ಟೋಲ್ ಇಲ್ಲ, ತಿರುವು ಜಾಸ್ತಿ.

ರಾತ್ರಿ ನಿಲ್ಲಿಸುವುದು ದೇಶಕ್ಕೊಂದು ತರ. ಜರ್ಮನಿಯಲ್ಲಿ ನಿಷೇಧ ಫಲಕ ಇಲ್ಲದ ಪಾರ್ಕಿಂಗ್‌ನಲ್ಲಿ ಸುಸ್ತು ಕಳೆಯಲು ಒಂದು ರಾತ್ರಿ ಮಲಗಬಹುದು, ಕುರ್ಚಿ ಮೇಜು ಹೊರಗೆ ಹಾಕುವಂತಿಲ್ಲ, ವ್ಯಾನ್ ಬದಿಯ ಬಟ್ಟೆಯ ಚಪ್ಪರ ಬಿಚ್ಚುವಂತಿಲ್ಲ. ಸ್ಲೊವೇನಿಯಾದಲ್ಲಿ ಕ್ಯಾಂಪಿಂಗ್ ಅಥವಾ ಗೊತ್ತುಪಡಿಸಿದ ಜಾಗ ಬಿಟ್ಟು ಮಲಗಿದರೆ ದಂಡ. ಬೋಹಿನ್ಯ್ ಇರುವುದು ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದಲ್ಲಿ, ಅಲ್ಲಿ ವಿನಾಯಿತಿ ಇಲ್ಲವೇ ಇಲ್ಲ. ಆಸ್ಟ್ರಿಯಾದಲ್ಲಿ ರಾಜ್ಯಕ್ಕೊಂದು ಕಾನೂನು. ಮೂರು ಕಡೆಗೂ ಸಲ್ಲುವ ದಾರಿ ಷ್ಟೆಲ್‌ಪ್ಲಾಟ್ಸ್, ಅಂದರೆ ಕ್ಯಾಂಪರ್‌ಗೆಂದೇ ಇಟ್ಟ ಪಾರ್ಕಿಂಗ್. ಹಲವು ಕಡೆ ನೀರು, ಕರೆಂಟ್, ಟಾಯ್ಲೆಟ್ ಖಾಲಿ ಮಾಡುವ ಜಾಗವೂ ಇರುತ್ತದೆ.

ಜರ್ಮನಿ, ಆಸ್ಟ್ರಿಯಾದ ಬಹಳ ಕ್ಯಾಂಪಿಂಗ್‌ಗಳಲ್ಲಿ ಮಧ್ಯಾಹ್ನ 1ರಿಂದ 3 ವಿಶ್ರಾಂತಿ ಹೊತ್ತು, ಗೇಟು ಮುಚ್ಚಿರುತ್ತದೆ. ಒಂದೋ ಅದಕ್ಕೆ ಮೊದಲು ತಲುಪಿ, ಇಲ್ಲ ಮೂರರ ಮೇಲೆ.

ಪಣಂಬೂರು ಡೀಸೆಲ್

ಕದ್ರಿಯವರ ದಾರಿಗೆ ನನ್ನದೂ ಒಪ್ಪಿಗೆ. ಗಾಡಿ ಬಗ್ಗೆ ನಾನು ಹೇಳುತ್ತೇನೆ.

ಇಲ್ಲಿ ಎಲ್‌ಎಂವಿ (ಲಘು ವಾಹನ) ಎಂದರೆ 7,500 ಕೆ.ಜಿ.ವರೆಗೆ. ಅಲ್ಲಿ ಕಾರಿನ ಲೈಸೆನ್ಸ್ ಬಿ ವರ್ಗ, ಮಿತಿ 3,500 ಕೆ.ಜಿ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಪುಸ್ತಕದಲ್ಲಿ ನಿಮಗೆ ಮೊಹರು ಬೀಳುವುದೂ ಬಿ ವರ್ಗಕ್ಕೇ. ಬುಕ್ ಮಾಡುವಾಗ ಗರಿಷ್ಠ ತೂಕ 3,500 ಎಂದು ಬರೆದ ವ್ಯಾನ್‌ನ್ನೇ ಆರಿಸಿ. ಪರ್ಮಿಟ್‌ಗೆ ಉಡುಪಿ ಆರ್‌ಟಿಒದಲ್ಲಿ ಫಾರ್ಮ್ 4ಎ, ಪರಿವಾಹನ್ ಮೂಲಕ ಅರ್ಜಿ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಆ ಪುಸ್ತಕಕ್ಕೆ ಬೆಲೆ ಇಲ್ಲ. ಇಬ್ಬರೂ ಓಡಿಸುವುದಾದರೆ ಇಬ್ಬರಿಗೂ ಮಾಡಿಸಿ, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ.

ಇಬ್ಬರಿಗೆ ಫಿಯಟ್ ಡುಕಾಟೊ ಮೇಲೆ ಕಟ್ಟಿದ 5.99 ಮೀಟರ್ ವ್ಯಾನ್ ಸರಿಯಾದ ಅಳತೆ. 5.41 ಮೀಟರಿನದರಲ್ಲಿ ಹಾಸಿಗೆ ಸಣ್ಣದು, 6.36 ಆದರೆ ಪಾರ್ಕಿಂಗ್‌ಗೆ ತಾಪತ್ರಯ. ಅಗಲ 2.05 ಎಂದು ಕಾಗದದಲ್ಲಿರುತ್ತದೆ, ಅದು ಕನ್ನಡಿ ಬಿಟ್ಟು. ಇದು ಯಾಕೆ ಮುಖ್ಯ ಅಂದರೆ, ಜರ್ಮನ್ ಆಟೋಬಾನ್‌ನಲ್ಲಿ ಕಾಮಗಾರಿ ನಡೆಯುವ ಕಡೆ ಎಡ ಲೇನ್‌ಗೆ 2 ಅಥವಾ 2.2 ಮೀಟರ್ ಎಂದು ಫಲಕ ಹಾಕಿರುತ್ತಾರೆ, ಅದು ಕನ್ನಡಿ ಸೇರಿಸಿದ ಅಗಲ. ಡುಕಾಟೊ ಅದರಲ್ಲಿ ಹಿಡಿಯುವುದಿಲ್ಲ. ಹಳದಿ ಗೆರೆ ಶುರುವಾಗುವ ಮೊದಲೇ ಬಲ ಲೇನ್‌ಗೆ ಬಂದು ಲಾರಿಗಳ ಹಿಂದೆ ಹೋಗಿ.

ಹಿಂದಿನ ಚಕ್ರದ ಆಚೆ ಗಾಡಿ ಒಂದು ಮೀಟರ್‌ಗಿಂತ ಜಾಸ್ತಿ ಚಾಚಿರುತ್ತದೆ. ಎಡಕ್ಕೆ ಬಿಗಿಯಾಗಿ ತಿರುಗಿಸಿದಾಗ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬ, ಕ್ಯಾಂಪಿಂಗ್‌ನ ಕರೆಂಟ್ ಪೆಟ್ಟಿಗೆಗೆ ತಾಗುವುದು ಹೀಗೆ. ರಿವರ್ಸ್ ಮಾಡುವಾಗ ಒಬ್ಬರು ಇಳಿದು, ಡ್ರೈವರ್ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತು ಹೇಳಬೇಕು. ನೇರ ಹಿಂದೆ ನಿಂತರೆ ಕಾಣುವುದೇ ಇಲ್ಲ.

ಬಲಬದಿಯ ರಸ್ತೆ ಹೆದ್ದಾರಿಯಲ್ಲಿ ಬೇಗ ಅಭ್ಯಾಸ ಆಗುತ್ತದೆ. ತಪ್ಪುವುದು ಖಾಲಿ ರಸ್ತೆಯಲ್ಲಿ, ಬಂಕಿನಿಂದ ಹೊರಗೆ ಬರುವಾಗ, ಬೆಳಗ್ಗೆ ಮೊದಲ ತಿರುವಿನಲ್ಲಿ. ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು, ಎಷ್ಟು ಸಣ್ಣ ಓಣಿಯಿಂದ ಬಂದರೂ. ಆಟೋಬಾನ್‌ನಲ್ಲಿ ವಾಹನಗಳು ನಿಧಾನ ಆದ ಕೂಡಲೇ, ಆಂಬುಲೆನ್ಸ್ ಕಾಣುವ ಮೊದಲೇ, ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ಮಧ್ಯೆ ದಾರಿ ಬಿಡಬೇಕು. ಜರ್ಮನಿ, ಆಸ್ಟ್ರಿಯಾ ಎರಡರಲ್ಲೂ ಇದು ಕಾನೂನು. ಚೆಕ್‌ನಲ್ಲಿ ಓಡಿಸುವವರ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು. ಸ್ಲೊವೇನಿಯಾ, ಚೆಕ್ ಎರಡರಲ್ಲೂ ಹಗಲಿನಲ್ಲೂ ಲೈಟ್ ಉರಿಯಬೇಕು.

ಹವೆ ಚೆನ್ನಾಗಿದ್ದರೆ ಟೌಎರ್ನ್ ಸುರಂಗದ ಬದಲು ಗ್ರೋಸ್‌ಗ್ಲೋಕ್ನರ್ ಘಾಟಿ ರಸ್ತೆ ಹತ್ತಬಹುದು. 48 ಕಿ.ಮೀ., 36 ಹೇರ್‌ಪಿನ್, ಹೋಖ್‌ಟೋರ್‌ನಲ್ಲಿ 2,504 ಮೀಟರ್ ಎತ್ತರ. ಆಗುಂಬೆಯ 14 ತಿರುವು ಹತ್ತಿಳಿದವರಿಗೆ ತಿರುವು ಹೆದರಿಸುವುದಿಲ್ಲ, ಅಲ್ಲಿ ರಸ್ತೆಯೂ ಅಗಲ. ಕಷ್ಟ ಇರುವುದು ಇಳಿಯುವುದರಲ್ಲಿ. ಮೂರು ಟನ್ ದಾಟಿದ ಗಾಡಿ ಅಷ್ಟು ಉದ್ದ ಇಳಿಜಾರಿನಲ್ಲಿ ಬರೀ ಬ್ರೇಕ್ ಮೇಲೆ ಇಳಿದರೆ ಡಿಸ್ಕ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಎರಡು ಅಥವಾ ಮೂರನೇ ಗೇರ್ ಹಾಕಿ, ಆಟೋಮ್ಯಾಟಿಕ್ ಆದರೆ ಮ್ಯಾನುವಲ್ ಮೋಡ್‌ಗೆ ತನ್ನಿ. ಬ್ರೇಕ್ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ, ಸವರಿಕೊಂಡು ಇಳಿಯಬೇಡಿ. ಸುಟ್ಟ ವಾಸನೆ ಬಂದರೆ ಬದಿಗೆ ಹಾಕಿ 20 ನಿಮಿಷ ಬಿಡಿ, ನೀರು ಹೊಯ್ಯಬೇಡಿ.

ಡೀಸೆಲ್ ಪಂಪಿನಲ್ಲಿ ಚೌಕದೊಳಗೆ ಬಿ7 ಎಂದಿರುತ್ತದೆ, ಪೆಟ್ರೋಲ್‌ಗೆ ವೃತ್ತದೊಳಗೆ ಇ5, ಇ10. ಪೈಪಿನ ಬಣ್ಣ ನಂಬಬೇಡಿ, ಚೌಕ ನೋಡಿ. ಪಕ್ಕದ ನೀಲಿ ಮುಚ್ಚಳ ಆಡ್‌ಬ್ಲೂಗೆ (ಹೊಗೆ ಶುಚಿ ಮಾಡುವ ದ್ರವ), ಅದಕ್ಕೆ ಡೀಸೆಲ್ ಹಾಕಿದರೆ ಪ್ರವಾಸ ಅಲ್ಲಿಗೆ ಮುಗಿಯಿತು. ಹೊರಗೆ ನೀರಿನ ಮುಚ್ಚಳವೂ ಒಂದು ಇರುತ್ತದೆ, ಅದನ್ನೂ ಗುರುತು ಮಾಡಿಕೊಳ್ಳಿ.

ಕಡಿಯಾಳಿ ಕೆಎ20

ಇಬ್ಬರಿಗೂ ತುಂಬಾ ಉಪಕಾರ. ಬುಡಾಪೆಸ್ಟ್ ಬಿಟ್ಟಾಯ್ತು, ಮನೆಯವಳಿಗೂ ಸರೋವರದ ದಾರಿಯೇ ಇಷ್ಟ ಆಯಿತು. ಈಗ ಅಡುಗೆ. ಮಿಕ್ಸಿ, ಇಂಡಕ್ಷನ್ ಸ್ಟೌವ್, ಸಣ್ಣ ಕುಕ್ಕರ್ ಮೂರೂ ಒಯ್ಯಬಹುದಾ? ಗ್ಯಾಸ್ ಸಾಕಾದೀತಾ? ಒಣಮೀನು, ತುಪ್ಪ, ಕರಿಬೇವು ವಿಮಾನದಲ್ಲಿ ಬಿಡುತ್ತಾರಾ?

ಮಣಿಪಾಲದ ಅಡುಗೆಮನೆ

ಅಣ್ಣ, ಕುಕ್ಕರ್ ಒಯ್ಯಿರಿ, ಮಿಕ್ಸಿ ಬೇಕಿದ್ದರೆ ಒಯ್ಯಿರಿ, ಇಂಡಕ್ಷನ್ ಮನೆಯಲ್ಲೇ ಇರಲಿ.

ಕ್ಯಾಂಪಿಂಗ್‌ನ ಕರೆಂಟ್ ಕಂಬದಲ್ಲಿ ಫ್ಯೂಸ್ 6, 10 ಅಥವಾ 16 ಆಂಪಿಯರ್ ಇರುತ್ತದೆ. 6 ಎಂದರೆ 230ರಿಂದ ಗುಣಿಸಿದರೆ 1,380 ವ್ಯಾಟ್. 2,000 ವ್ಯಾಟಿನ ಇಂಡಕ್ಷನ್ ಹಚ್ಚಿದ ಕೂಡಲೇ ಟ್ರಿಪ್. ಪೆಟ್ಟಿಗೆಗೆ ಬೀಗ ಇದ್ದರೆ ಆಫೀಸ್ ತೆರೆಯುವವರೆಗೆ ಕತ್ತಲೆ. 750 ವ್ಯಾಟಿನ ಮಿಕ್ಸಿ ನಡೆಯುತ್ತದೆ, ಆಗ ಕೆಟಲ್ ಆಫ್ ಇರಲಿ. ನಮ್ಮ ಮೂರು ಪಿನ್ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು, ಅದರ ಮೇಲೆ ಎಷ್ಟು ಆಂಪಿಯರ್ ಎಂದು ಬರೆದದ್ದು ಓದಿ. ಅಗ್ಗದ ಪ್ರಯಾಣದ ಅಡಾಪ್ಟರ್‌ಗಳು ಫೋನ್ ಚಾರ್ಜ್‌ಗೆ ಮಾತ್ರ, ಭಾರ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ. ಕರೆಂಟ್ ಕಂಬ ಇಲ್ಲದ ಕಡೆ ವ್ಯಾನ್‌ನ ಬ್ಯಾಟರಿ 12 ವೋಲ್ಟ್ ಮಾತ್ರ ಕೊಡುತ್ತದೆ, ಇನ್ವರ್ಟರ್ ಎಲ್ಲಾ ಗಾಡಿಯಲ್ಲಿ ಇರುವುದಿಲ್ಲ. ಹಾಗಾಗಿ ಮಿಕ್ಸಿಗಿಂತ ಚಟ್ನಿಪುಡಿ, ಸಾರಿನ ಪುಡಿ, ಹುರಿದು ಪುಡಿ ಮಾಡಿದ ಮಸಾಲೆ ಒಯ್ಯುವುದು ಜಾಣತನ.

ಕೇಬಲ್ ನೀಲಿ ಪ್ಲಗ್ಗಿನದ್ದು, 25 ಮೀಟರ್, ವ್ಯಾನ್ ಜೊತೆಗೇ ಕೊಡುತ್ತಾರೆ. ಮೊದಲು ವ್ಯಾನ್ ಬದಿ ಚುಚ್ಚಿ, ಆಮೇಲೆ ಕಂಬದ ಬದಿ. ತೆಗೆಯುವಾಗ ಉಲ್ಟಾ. ಕಂಬ ಮೂರೇ ಮೀಟರ್ ದೂರ ಇದ್ದರೂ ರೀಲಿನ ಕೇಬಲ್ ಪೂರ್ತಿ ಬಿಚ್ಚಿ ಹುಲ್ಲಿನ ಮೇಲೆ ಹರಡಿ. ಸುತ್ತಿಟ್ಟ ಕೇಬಲ್ ಬಿಸಿಯನ್ನು ಹೊರಗೆ ಬಿಡಲಾಗದೆ ಒಳಗೊಳಗೇ ಬೇಯುತ್ತದೆ, ರೀಲಿನ ಬದಿಯಲ್ಲೇ ಸುತ್ತಿದ್ದರೆ ಎಷ್ಟು ವ್ಯಾಟ್, ಬಿಚ್ಚಿದರೆ ಎಷ್ಟು ಎಂದು ಬರೆದಿರುತ್ತದೆ.

ಗ್ಯಾಸ್‌ನ ಲೆಕ್ಕ ನೋಡಿ. ಒಂದು ಕೆ.ಜಿ. ಪ್ರೊಪೇನ್‌ನಲ್ಲಿ ಸುಮಾರು 13 ಯೂನಿಟ್ ಶಾಖ. ಒಂದೂವರೆ ಕಿಲೋವ್ಯಾಟಿನ ಬರ್ನರ್ ಒಂದು ತಾಸು ಉರಿದರೆ ಹೆಚ್ಚೆಂದರೆ 120 ಗ್ರಾಂ. ದಿನಕ್ಕೆ ಒಂದೂವರೆ ತಾಸು ಅಡುಗೆ ಮಾಡಿದರೂ ಮೂರು ವಾರಕ್ಕೆ ನಾಲ್ಕು ಕೆ.ಜಿ. ಮುಟ್ಟುವುದಿಲ್ಲ, ಜರ್ಮನ್ ಸಿಲಿಂಡರ್ 11 ಕೆ.ಜಿ.ಯದ್ದು. ಗ್ಯಾಸ್ ತಿನ್ನುವುದು ಹೀಟರ್. ಟ್ರೂಮಾ ಕೋಂಬಿ ಹೀಟರ್ ಸಣ್ಣ ಉರಿಯಲ್ಲೂ ತಾಸಿಗೆ 160 ಗ್ರಾಂ ಎಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಆಲ್ಪ್ಸ್‌ನಲ್ಲಿ ಇಡೀ ರಾತ್ರಿ ಹಚ್ಚಿಟ್ಟರೆ ಒಂದು ಕೆ.ಜಿ. ಮೇಲೆ ಹೋಯಿತು. ಮಲಗುವ ಮೊದಲು ಅರ್ಧ ತಾಸು, ಎದ್ದಮೇಲೆ ಅರ್ಧ ತಾಸು ಸಾಕು. ಜರ್ಮನ್ ಸಿಲಿಂಡರ್ ಸ್ಲೊವೇನಿಯಾ, ಚೆಕ್‌ನಲ್ಲಿ ಬದಲಾಯಿಸಿ ಸಿಗುವುದಿಲ್ಲ, ಹಾಗಾಗಿ ಗಡಿ ದಾಟುವ ಮೊದಲು ಎಷ್ಟು ಉಳಿದಿದೆ ನೋಡಬೇಕು. ಸಿಲಿಂಡರ್ ಕತ್ತಿನ ಮೇಲೆ ಖಾಲಿ ತೂಕ ಒತ್ತಿರುತ್ತದೆ. ಬ್ಯಾಗ್ ತೂಗುವ ಕೈತಕ್ಕಡಿಯಲ್ಲಿ ಎತ್ತಿ ತೂಗಿ, ಅದನ್ನು ಕಳೆದರೆ ಉಳಿದ ಗ್ಯಾಸ್.

ಸಿಲಿಂಡರ್ ಜೋಡಣೆ ನಮ್ಮಲ್ಲಿಯ ಹಾಗೆ ಕೂರಿಸಿ ಒತ್ತುವುದಲ್ಲ, ಎಡಸುತ್ತಿನ ನಟ್ಟು. ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಬಿಗಿಯುತ್ತದೆ. ಕೂರಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಒಲೆಯ ನಾಬನ್ನು ಉರಿ ಹಚ್ಚಿದ ಮೇಲೂ 10–15 ಸೆಕೆಂಡ್ ಒತ್ತಿಹಿಡಿಯಬೇಕು, ಸೆನ್ಸರ್ ಬಿಸಿಯಾಗದೆ ಬಿಟ್ಟರೆ ಉರಿ ಆರುತ್ತದೆ. ಒಲೆ ಕೆಟ್ಟಿದೆ ಎಂದು ಹಲವರು ಅಂದುಕೊಳ್ಳುವುದು ಇಲ್ಲಿಯೇ.

ಕುಚ್ಚಲಕ್ಕಿಗೆ ಗ್ಯಾಸ್‌ನ ಚಿಂತೆ ಬೇಡ, ಚಿಂತೆ ಇರುವುದು ಹಬೆಯದ್ದು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ತಾಸು ಕುದಿಸಿದರೆ ಆ ಹಬೆಯೆಲ್ಲ ಸಣ್ಣ ವ್ಯಾನ್‌ನ ಕಿಟಕಿ, ಗೋಡೆ, ಹಾಸಿಗೆಯಡಿ ನೀರಾಗಿ ಕೂರುತ್ತದೆ, ಬೆಳಗ್ಗೆ ಹೊದಿಕೆ ಒದ್ದೆ. ರಾತ್ರಿ ನೆನೆಸಿಟ್ಟು, 3 ಲೀಟರ್ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ 20–25 ನಿಮಿಷ, ಆಮೇಲೆ ಒತ್ತಡ ತಾನಾಗಿ ಇಳಿಯಲು ಬಿಡಿ. ಮಾಡಿನ ಕಿಂಡಿ, ಒಲೆ ಪಕ್ಕದ ಕಿಟಕಿ ಎರಡೂ ತೆರೆದೇ ಇರಲಿ. ಹಬೆಗೂ ಬೇಕು, ಉರಿಯುವ ಗ್ಯಾಸ್‌ಗೆ ಗಾಳಿಯೂ ಬೇಕು. ಚಳಿ ಎಂದು ಒಲೆ ಹಚ್ಚಿ ವ್ಯಾನ್ ಬಿಸಿ ಮಾಡುವುದು ಬೇಡವೇ ಬೇಡ.

ಈಗ ಸಾಮಾನು. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ತುಪ್ಪವೂ ಅದರಲ್ಲೇ ಬಂತು. ಅಲ್ಲಿನ ಬೆಣ್ಣೆ ಚೆನ್ನಾಗಿದೆ, ಕಾಸಿಕೊಳ್ಳಿ. ಮೀನಿಗೆ ಮಾತ್ರ ಬೇರೆ ನಿಯಮ, ಸ್ವಂತ ಬಳಕೆಗೆ ಒಬ್ಬರಿಗೆ 20 ಕೆ.ಜಿ.ವರೆಗೆ ಬಿಡುತ್ತಾರೆ. ಒಣಮೀನು, ಒಣ ಸಿಗಡಿ ಒಯ್ಯಬಹುದು, ವ್ಯಾನ್‌ನೊಳಗೆ ಹುರಿಯಬೇಡಿ. ಸೀಟಿನ ಬಟ್ಟೆ ಹಿಡಿದ ವಾಸನೆಗೆ ಬಾಡಿಗೆಯವರು ಶುಚಿ ಮಾಡುವ ಹಣ ಹಾಕುತ್ತಾರೆ. ಮನೆಯಲ್ಲೇ ಹುರಿದು ಪುಡಿ ಮಾಡಿ ಬಿಗಿಮುಚ್ಚಳದ ಡಬ್ಬಿಗೆ ಹಾಕಿ. ಹಸಿ ಕರಿಬೇವು ಬೇಡ, ಹಸಿ ಸೊಪ್ಪು ತರಕಾರಿಗೆ ಸಸ್ಯ ಪ್ರಮಾಣಪತ್ರ ಕೇಳುತ್ತಾರೆ. ಹಸಿ ತೆಂಗಿನಕಾಯಿಗೆ ಅಲ್ಲಿ ಅಡ್ಡಿಯಿಲ್ಲ, ಒಣ ಕೊಬ್ಬರಿಯನ್ನು ವಿಮಾನದವರೇ ತಡೆಯುತ್ತಾರೆ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದು ಇದೆ.

ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಶನಿವಾರವೇ ಹಾಲು, ತರಕಾರಿ ತಂದಿಡಿ.

ಮಲ್ಪೆ ಬಂದರು

ಟಾಯ್ಲೆಟ್ ಬಗ್ಗೆ ಯಾರೂ ಹೇಳಲಿಲ್ಲ, ಇದು ಗೊತ್ತಿರಲೇಬೇಕು. ಕೆಳಗಿನ ಕ್ಯಾಸೆಟ್, ಅಂದರೆ ಹೊಲಸು ತುಂಬುವ ಪೆಟ್ಟಿಗೆ, 17–19 ಲೀಟರಿನದ್ದು. ಪೇಪರ್ ಬಳಸುವವರ ಲೆಕ್ಕದಲ್ಲಿ ಇಬ್ಬರಿಗೆ ಎರಡು ಮೂರು ದಿನ. ನೀರು ಬಳಸುವ ನಮಗೆ ಒಂದೂವರೆ ದಿನ ಎಂದಿಟ್ಟುಕೊಳ್ಳಿ. ಕಿರುಬಾಯಿಯ ಬಾಟಲಿ ಇಟ್ಟರೆ ನೀರು ಕಡಿಮೆ ಸಾಕು, ಮಗ್ ಆದರೆ ಬೇಗ ತುಂಬುತ್ತದೆ.

ಖಾಲಿ ಮಾಡುವಾಗ ಹೊರಗಿನ ಬಾಗಿಲು ತೆರೆದು ಕ್ಯಾಸೆಟ್ ಎಳೆದು, ಗುರುತಿಸಿದ ಜಾಗಕ್ಕೇ ಒಯ್ಯಿರಿ. ಕೊಳವೆ ತಿರುಗಿಸಿ ಬಗ್ಗಿಸಿದ ಮೇಲೆ ಹೆಬ್ಬೆರಳಿನಿಂದ ಗಾಳಿ ಗುಂಡಿ ಒತ್ತಿಹಿಡಿಯಿರಿ. ಒತ್ತದಿದ್ದರೆ ಗುಳುಗುಳು ಎಂದು ಕಾಲಿಗೆ ಸಿಡಿಯುತ್ತದೆ. ಎರಡು ಸಲ ತೊಳೆದು, ಎರಡು ಲೀಟರ್ ನೀರು ಮತ್ತು ಬಾಟಲಿಯಲ್ಲಿ ಬರೆದಷ್ಟು ರಾಸಾಯನಿಕ ಹಾಕಿ ಸೇರಿಸಿ. ಅಲ್ಲಿ ಕ್ಯಾಸೆಟ್ ತೊಳೆಯಲು ಇಟ್ಟ ಪೈಪಿನಿಂದ ಕುಡಿಯುವ ನೀರು ತುಂಬಬೇಡಿ, ಅದಕ್ಕೆ ಬೇರೆ ನಲ್ಲಿ.

ಶುದ್ಧ ನೀರು 100 ಲೀಟರ್, ವ್ಯಾನ್‌ನಲ್ಲೇ ಸ್ನಾನ ಮಾಡದಿದ್ದರೆ ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ಬಿಸಿನೀರಿನ ಬಾಯ್ಲರ್ 10 ಲೀಟರಷ್ಟೇ. ರಾತ್ರಿ ಬಾಯ್ಲರ್ ಹತ್ತಿರ 3 ಡಿಗ್ರಿಗೆ ಇಳಿದರೆ ಸುರಕ್ಷತಾ ವಾಲ್ವ್ ತಾನಾಗಿ ತೆರೆದು ಬಾಯ್ಲರ್ ನೀರನ್ನೆಲ್ಲ ನೆಲಕ್ಕೆ ಬಿಡುತ್ತದೆ. ಸೋರಿಕೆ ಎಂದು ಗಾಬರಿ ಬೇಡ. 7 ಡಿಗ್ರಿ ದಾಟುವವರೆಗೆ ಅದು ಮುಚ್ಚುವುದಿಲ್ಲ, ಹೀಟರ್ ಹಚ್ಚಿ ಆಮೇಲೆ ಕೈಯಿಂದ ಮುಚ್ಚಿ.

ಕದ್ರಿ ಕಂಬಳ

ವೀಸಾ ವಿಷಯ ಬಿಟ್ಟುಹೋಯಿತು. ದಾರಿ ಬದಲಾದದ್ದರಿಂದ ಅರ್ಜಿ ಹಾಕುವ ದೇಶವೂ ಬದಲಾಗುತ್ತದೆ. ಇಳಿಯುವುದು ಮ್ಯೂನಿಕ್ ಆದರೂ ಹೆಚ್ಚು ರಾತ್ರಿ ಆಸ್ಟ್ರಿಯಾದಲ್ಲಿ ಬಿದ್ದರೆ ಆಸ್ಟ್ರಿಯಾಕ್ಕೇ ಹಾಕಬೇಕು. ರಾತ್ರಿಗಳನ್ನು ದೇಶವಾರು ಎಣಿಸಿ, ಕ್ಯಾಂಪಿಂಗ್ ಬುಕಿಂಗ್ ಪ್ರತಿ ಮತ್ತು ವ್ಯಾನ್ ಕರಾರು ಲಗತ್ತಿಸಿ. ಅರ್ಜಿ 6 ತಿಂಗಳ ಮೊದಲಿನಿಂದ ಹಾಕಬಹುದು, ಶುಲ್ಕ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ಎಲ್ಲಾ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದ್ದು, ಪಾಸಾವ್‌ನಲ್ಲಿ ಒಳಗೆ ಬರುವಾಗ ಪಾಸ್‌ಪೋರ್ಟ್ ಕೈಗೆ ಸಿಗುವಲ್ಲಿ ಇರಲಿ.

ಪಣಂಬೂರು ಡೀಸೆಲ್

ಕೊನೆಗೆ ವ್ಯಾನ್ ಪಡೆಯುವ, ಒಪ್ಪಿಸುವ ದಿನದ ಮಾತು. ಠೇವಣಿ ಸಾವಿರದಿಂದ ಎರಡು ಸಾವಿರ ಯೂರೋ, ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್‌ನಲ್ಲೇ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಹಲವರು ಒಪ್ಪುವುದಿಲ್ಲ. ಬ್ಯಾಂಕಿನಲ್ಲಿ ವಿದೇಶಿ ಬಳಕೆ ಮಿತಿ ಏರಿಸಿಯೇ ಹೊರಡಿ. ವಿಮೆ ಕಾಗದದಲ್ಲಿ ಗಾಡಿಯ ಮಾಡು (ಛಾವಣಿ) ಮತ್ತು ಅಡಿಭಾಗ ಸೇರಿದೆಯಾ ಓದಿ, ಬಹಳ ಕಡೆ ಅವೆರಡೇ ಹೊರಗಿರುತ್ತವೆ. ಪಡೆಯುವಾಗ ಸುತ್ತ ಒಂದು ವಿಡಿಯೊ ಮಾಡಿ, ಮಾಡಿನ ಅಂಚು, ಗಾಜು, ಚಕ್ರದ ರಿಮ್ ಹತ್ತಿರದಿಂದ. ಚಪ್ಪರ ಒಮ್ಮೆ ಅವರ ಎದುರೇ ಬಿಚ್ಚಿ ಮಡಚಿಸಿ, ಹೆಚ್ಚು ಮುರಿಯುವ ಭಾಗ ಅದು. ಗಾಳಿ ಬಂದರೆ, ರಾತ್ರಿ ಮಲಗುವಾಗ, ಒಳಗೆ ಸುತ್ತಿಡಿ.

ಒಪ್ಪಿಸುವಾಗ ಡೀಸೆಲ್ ಪೂರ್ತಿ, ವೇಸ್ಟ್ ನೀರಿನ ಟ್ಯಾಂಕ್ ಖಾಲಿ, ಕ್ಯಾಸೆಟ್ ಖಾಲಿ ಮತ್ತು ತೊಳೆದು, ಒಳಗೆ ಗುಡಿಸಿ. ಕ್ಯಾಸೆಟ್ ಮರೆತರೆ ದಂಡ ಜೋರು.

ಮಣಿಪಾಲದ ಅಡುಗೆಮನೆ

ಅದಕ್ಕೆ ಒಂದು ಸೇರಿಸುತ್ತೇನೆ: ಅರಿಶಿನ. ಒಲೆ ಪಕ್ಕದ ಬಿಳಿ ಹಲಗೆ, ಸಿಂಕಿನ ಸುತ್ತಲಿನ ಪ್ಲಾಸ್ಟಿಕ್ ಎಲ್ಲ ಹಳದಿ ಹಿಡಿಯುತ್ತದೆ. ಒಗ್ಗರಣೆ ಹಾಕುವ ಮೊದಲು ಆ ಜಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ಕಲೆ ಬಿದ್ದರೆ ಸೋಪಿನಲ್ಲಿ ಒರೆಸಿ, ಆ ಬದಿಯ ಪರದೆ ಸರಿಸಿ ನೇರ ಬಿಸಿಲು ಬೀಳುವ ಹಾಗೆ ವ್ಯಾನ್ ನಿಲ್ಲಿಸಿ. ಅರಿಶಿನದ ಬಣ್ಣ ಬೆಳಕಿಗೆ ಒಡೆಯುತ್ತದೆ, ಒಂದೆರಡು ದಿನದ ಬಿಸಿಲಿಗೆ ಬಹಳಷ್ಟು ಹೋಗುತ್ತದೆ. ಒಪ್ಪಿಸುವ ಹಿಂದಿನ ದಿನ ಸಾರು ಬೇಡ, ಮೊಸರನ್ನ ಸಾಕು.